ಬೆರಳಿಟ್ಟರೆ ಸಾಕು

ಸಿಬ್ಬಂದಿ ವಿಭಾಗದ ಅಕ್ಕನ ಖಾತೆ ಮತ್ತೆ ಲಾಕ್ ಆಗಿತ್ತು. ಟೆಕ್ನಿಷಿಯನ್ ಮೆಟ್ಟಿಲು ಹತ್ತುತ್ತಲೇ ಹಲ್ಲು ಕಡಿದ.

ನೇಮಕ, ರಜೆ, ಬಡ್ತಿ, ವಜಾ ಎಲ್ಲವೂ ನಡೆಯುವುದು ಆ ಒಂದೇ ಲಾಗಿನ್‌ನಿಂದ. ಅದು ಕೈಕೊಟ್ಟಾಗಿನಿಂದ ಆದೇಶಗಳೆಲ್ಲ ನಿಂತುಹೋಗಿದ್ದವು. ಬೆಳಿಗ್ಗೆ ಮ್ಯಾನೇಜರ್ ಇವನನ್ನು ಎಲ್ಲರೆದುರೇ ತರಾಟೆಗೆ ತೆಗೆದುಕೊಂಡಿದ್ದರು. ಇವತ್ತೂ ಸರಿಹೋಗದಿದ್ದರೆ ಹೊರಗಿನವರನ್ನು ಕರೆಸುವುದಾಗಿ ಗದರಿದ್ದರು. ಕೆಲಸ ಹೋದರೆ ಕಂಪನಿಯ ಆಸ್ಪತ್ರೆ ವಿಮೆಯೂ ಅದೇ ಕ್ಷಣ ಹೋಗುತ್ತದೆ. ಹೆಂಡತಿ ತುಂಬು ಗರ್ಭಿಣಿ. ಆಪರೇಷನ್ ಆಗಲೇಬೇಕೆಂದು ಡಾಕ್ಟರು ಹೇಳಿದ್ದರು.

ಅವನು ಪರೀಕ್ಷಿಸದ ಕಾರಣವೊಂದೂ ಉಳಿದಿರಲಿಲ್ಲ. ಹಳೆಯ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕಳಿಸುವ ಫೋನ್ ಯಾವುದೂ ಇಲ್ಲ. ವೈರಸ್ ಇಲ್ಲ. ಹೊರಗಿನಿಂದ ಯಾರೂ ಕೈಹಾಕಿಲ್ಲ. ಖಾತೆಯನ್ನು ಲಾಕ್ ಮಾಡಿಸಿದ ತಪ್ಪು ಪಾಸ್‌ವರ್ಡ್‌ಗಳೆಲ್ಲ ಬಂದಿದ್ದು ಅಕ್ಕನ ಕೀಬೋರ್ಡಿನಿಂದಲೇ. ಕೀಬೋರ್ಡನ್ನೂ ಬದಲಿಸಿದ್ದಾಯಿತು. ವಯಸ್ಸಾಯಿತು, ಬೆರಳು ತಡವರಿಸುತ್ತದೆ ಎಂದು ತೀರ್ಮಾನಿಸಿದ.

"ಬಂದ್ಯಾ? ಮನೇಲಿ ಹೇಗಿದಾಳೆ? ಹೆರಿಗೆ ಯಾವಾಗಂತೆ?" ಅಕ್ಕನದು ದಿನವೂ ಅದೇ ಪ್ರಶ್ನೆ.

"ಸೋಮವಾರ. ಅಲ್ಲೀವರೆಗೂ ನನ್ನ ಕೆಲಸ ಉಳಿದ್ರೆ ನಿಮ್ಮ ಪುಣ್ಯ."

ಅಕ್ಕ ನಗಲಿಲ್ಲ. ಬೇರೆ ಕಡೆ ಎಲ್ಲಾದರೂ ಅರ್ಜಿ ಹಾಕಿದ್ದೀಯಾ ಎಂದು ಕೇಳಿದರು. ಮಾಡುವುದೆಲ್ಲ ಇವರೇ ಮಾಡಿ ಮೇಲೆ ಕೊಂಕು ಬೇರೆ. ಅವನು ಖಾತೆಯ ಲಾಕ್ ತೆಗೆದು, ಚೀಲದಿಂದ ಬೆರಳಚ್ಚು ಓದುವ ಪುಟ್ಟ ಯಂತ್ರ ತೆಗೆದು ಜೋಡಿಸತೊಡಗಿದ. ಇಷ್ಟು ಅವಸರ ಯಾಕೆ, ಮುಂದಿನ ವಾರ ಹಾಕಿದರಾಯಿತು ಎಂದು ಅಕ್ಕ ಎರಡೆರಡು ಸಲ ಹೇಳಿದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಬಂದು ಹಿಂದೆ ನಿಂತರು.

"ಇನ್ನು ಪಾಸ್‌ವರ್ಡ್ ತಾಪತ್ರಯಾನೇ ಇಲ್ಲ ಸಾರ್. ಬೆರಳಿಟ್ರೆ ಸಾಕು."

ಅಕ್ಕನ ಕೈ ಮಡಿಲಿನಿಂದ ಮೇಲೇಳಲಿಲ್ಲ. ಭಯವಿರಬೇಕು ಎಂದುಕೊಂಡು ಅವನೇ ಆ ಕೈ ಹಿಡಿದು ಬೆರಳನ್ನು ಯಂತ್ರದ ಮೇಲೆ ಒತ್ತಿದ. ಪರದೆ ತೆರೆದುಕೊಂಡಿತು.

ಮ್ಯಾನೇಜರ್ ಅವನ ಬೆನ್ನು ತಟ್ಟಿದರು. ಬಾಕಿ ಉಳಿದ ಆದೇಶಗಳನ್ನು ತಮ್ಮೆದುರೇ ಕಳಿಸುವಂತೆ ಅಕ್ಕನಿಗೆ ಹೇಳಿ ಕುರ್ಚಿ ಎಳೆದುಕೊಂಡರು.

ಅವನು ಶಿಳ್ಳೆ ಹಾಕುತ್ತ ಕೆಳಗಿಳಿದ. ಹೆಂಡತಿಗೆ ಫೋನ್ ಮಾಡಿ, ಗಂಡಾಂತರ ಕಳೆಯಿತು, ಸೋಮವಾರದ ಚಿಂತೆ ಬಿಡು ಎಂದ. ಆಮೇಲೆ ದೂರು ಬಗೆಹರಿಯಿತೆಂದು ದಾಖಲಿಸಲು ತನ್ನ ಕಂಪ್ಯೂಟರಿನ ಮುಂದೆ ಕುಳಿತು ಪಾಸ್‌ವರ್ಡ್ ಒತ್ತಿದ.

'ನಿಮ್ಮನ್ನು ಇಂದಿನಿಂದ ಕೆಲಸದಿಂದ ತೆಗೆಯಲಾಗಿದೆ. ಈ ಖಾತೆಯನ್ನು ಮುಚ್ಚಲಾಗಿದೆ.'