ಲೂಟಿಯಲ್ಲ, ಖರೀದಿ

“ರೊಕ್ಕ ಎಲ್ಲದ?” ಎಂದು ರೇವಮ್ಮ ಕೇಳಿದಾಗ ಪುತಳಾಬಾಯಿ ಒಡ್ಡಿದ ಸೆರಗನ್ನು ಇನ್ನಷ್ಟು ಅಗಲ ಮಾಡಿದಳು. ಕಲಬುರ್ಗಿಗೆ ಹೊರಟಿದ್ದ ಜೋಳದ ಬಂಡಿಗಳನ್ನು ಕಮಲಾಪುರದ ಹೆಂಗಸರು ಬೆಳಿಗ್ಗೆಯೇ ಅಡ್ಡಗಟ್ಟಿದ್ದರು. ಚೀಲ ಬಿಚ್ಚಿಸಿ, ಬರಕ್ಕೆ ಏರಿದ ಬೆಲೆ ಬಿಟ್ಟು ಹೋದ ವರ್ಷದ ಧಾರಣೆಗೇ ಸೇರು ಸೇರು ಅಳೆದು ಕೊಡುತ್ತಿದ್ದವಳು ರೇವಮ್ಮ. ದುಡ್ಡೆಲ್ಲ ಬಂಡಿಗಳ ಒಡೆಯ ಸಾಹುಕಾರ ಅಣವೀರಪ್ಪನ ಮುಂದೆ ಬೀಳುತ್ತಿತ್ತು. ನಿಜಾಮನ ಪೊಲೀಸರು ಬಂದು ಕೇಳಿದರೆ ಇದು ಲೂಟಿಯಲ್ಲ, ಖರೀದಿ ಎನ್ನಬೇಕು. ಅದಕ್ಕೇ ಅವಳು ಪ್ರತಿ ಸೇರಿನ ಬಾಯಿಯನ್ನೂ ಅಂಗೈಯಿಂದ ಸವರಿ ಸಮ ಮಾಡುತ್ತಿದ್ದಳು.

“ಕೂಸು ಮೊನ್ನಿಂದ ಬರೇ ನೀರು ಕುಡ್ದದ ಅಕ್ಕ,” ಎಂದಳು ಪುತಳಾಬಾಯಿ.

“ನನ್ನ ಮಕ್ಕಳೇನು ಹೋಳಿಗಿ ಉಂಡಾವೇನು? ನಿನಗ ಪುಕ್ಕಟೆ ಕೊಟ್ರ ನಾವೆಲ್ಲಾ ಕಳ್ಳರಾಗ್ತೀವಿ. ಆಕಡಿ ಸರಿ.” ಸಾಲಿನಲ್ಲಿದ್ದವರು ಹೌದೆಂದರು. ಯಾರೋ ಪುತಳಾಬಾಯಿಯ ರಟ್ಟೆ ಹಿಡಿದು ಎಳೆದರು.

ಅಷ್ಟು ಹೊತ್ತೂ ಗಾಲಿಗೆ ಒರಗಿ ಕೂತಿದ್ದ ಅಣವೀರಪ್ಪ ಎದ್ದುಬಂದ. ರೇವಮ್ಮನ ಕೈಯಿಂದ ಸೇರನ್ನು ಮೆಲ್ಲಗೆ ಬಿಡಿಸಿಕೊಂಡು, ಜೋಳವನ್ನು ಗೋಪುರದಂತೆ ಏರಿಸಿ ತುಂಬಿ ಪುತಳಾಬಾಯಿಯ ಸೆರಗಿಗೆ ಸುರಿದ. “ಕೂಸಿಗಿ ಅಂಬಲಿ ಮಾಡಿ ಕುಡಸವ್ವ. ಇವರಿಗಿ ಕರುಳಿಲ್ಲ.” ಬೆಳಿಗ್ಗೆ ಅವನ ಬಂಡಿಗೆ ಅಡ್ಡ ಮಲಗಿದ್ದ ಪುತಳಾಬಾಯಿ ಈಗ ಅವನ ಕಾಲಿಗೆ ಬಿದ್ದಳು. ಅವಳ ಹಿಂದಿದ್ದವಳು ಮುಷ್ಟಿಯಲ್ಲಿದ್ದ ದುಡ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡೂ ಕೈ ಚಾಚಿದಳು. “ನನಗೂ ಒಂದೀಟು ನೀಡ್ರಿ ಸಾವ್ಕಾರ್ರ.” ನೋಡನೋಡುತ್ತಿದ್ದಂತೆ ಇಡೀ ಸಾಲು ಕೈ ಚಾಚಿತು. “ಖರೀದಿ ಮಾಡ್ರೇ, ಬೇಡಬ್ಯಾಡ್ರಿ,” ಎಂದ ರೇವಮ್ಮನ ಮಾತು ಯಾರ ಕಿವಿಗೂ ಬೀಳಲಿಲ್ಲ. ಅಣವೀರಪ್ಪ ಚೀಲದ ಬಾಯಿ ಕಟ್ಟಿದ. “ದಾನ ದಿನಕ್ಕ ಒಂದೇ ಸೇರವ್ವ.” ಬಂಡಿ ಹೊಡೆಯುವವರ ಕಡೆ ತಿರುಗಿ, “ಬಂಡಿ ಹೂಡ್ರಿ,” ಎಂದ. ಬೇಡಲು ಚಾಚಿದ್ದ ಕೈಗಳಿಂದ ಮತ್ತೆ ಬಂಡಿ ತಡೆಯಲಾಗದೆ ಹೆಂಗಸರು ಸರಿದು ದಾರಿ ಬಿಟ್ಟರು.