ಹೊಸ ಬಾವಿಯ ಮೊದಲ ಗುಟುಕು

ಬಾವಿಗಳ ಪರೀಕ್ಷೆಗೆಂದು ನೀರಿನ ಇಲಾಖೆಯವರು ಗುರುಬಾಯಿಯ ನಾಲಿಗೆಯನ್ನು ಬದಲಿಸಿದ್ದರು. ಒಂದು ಹನಿ ತಗುಲಿದರೆ ಸಾಕು, ನೀರಿನಲ್ಲಿ ಯಾವ ವಿಷವಿದೆ ಎಂದು ಅವಳು ಹೇಳುತ್ತಿದ್ದಳು. ಬದಲಿಗೆ ಅನ್ನದ ರುಚಿ ಹೋಗಿತ್ತು. ಆ ಕೆಲಸಕ್ಕೆ ಸೇರಿದವರೆಲ್ಲರ ಪಾಡೂ ಅಷ್ಟೇ.

ಅಂದು ತಂಗಿಯ ಊರಿನ ಸರದಿ. ತುಂಬು ಬಸುರಿ ನೀಲವ್ವ ಬಾಗಿಲಲ್ಲೇ ಕಾಯುತ್ತಿದ್ದಳು.

"ಮೊದಲ ಬೆಲ್ಲ-ನೀರು ತಗೋ ಅಕ್ಕಾ. ಬಾವಿ ಆಮ್ಯಾಲ ನೋಡೂಣಂತ."

ಗುಟುಕು ಗಂಟಲಿಗಿಳಿಯುವ ಮೊದಲೇ ಗುರುಬಾಯಿ ಅಂಗಳಕ್ಕೋಡಿ ಉಗುಳಿದಳು.

"ಯಾವಾಗಿಂದ ಕುಡಿಯಾಕತ್ತೀ ಈ ನೀರು?"

"ನಮ್ಮ ಮಾವ ಬಾವಿ ತೋಡಿಸಿದಾಗಿಂದ. ಯಾಕ?"

"ಇದರಾಗ ಆರ್ಸೆನಿಕ್ ಅನ್ನೂ ವಿಷ ಐತಿ."

ನೀಲವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಊರಿಗೆಲ್ಲಾ ಇದೊಂದ ಬಾವಿ. ಯಾರಿಗೂ ಹೇಳಬ್ಯಾಡಕ್ಕಾ."

ಗುರುಬಾಯಿ ಕೂತಲ್ಲಿ ಕೂರಲಾರದೆ ಅಂಗಳದಲ್ಲಿ ಅಡ್ಡಾಡಿದಳು. ಕೊನೆಗೆ ಬಾವಿಯ ಕಡೆ ನಡೆದಳು. ಕಟ್ಟೆಯ ಸುತ್ತ ಕೊಡ ಹಿಡಿದ ಹೆಂಗಸರು ನಿಂತಿದ್ದರು.

"ನೀರು ಚಲೋ ಅದಾವೇನವ್ವಾ?" ಎಂದಳು ಒಬ್ಬ ಮುದುಕಿ.

ಗುರುಬಾಯಿ ತಂಗಿಯ ಮನೆಯ ಕಡೆ ತಿರುಗಿದಳು. ಅಷ್ಟರಲ್ಲಿ ಹಿಂದಿನಿಂದ ಏದುಸಿರು ಬಿಡುತ್ತ ಬಂದ ನೀಲವ್ವ, ಎಲ್ಲರನ್ನೂ ಸರಿಸಿ, ಕೈಯಲ್ಲಿದ್ದ ಕುಡಗೋಲಿನಿಂದ ಬಾವಿಯ ಹಗ್ಗ ಕೊಯ್ದಳು.