ಹತ್ತು ವರ್ಷದ ಬಾಳಿಕೆ

ಗಂಟಲ ಆಪರೇಷನ್ನಿನಲ್ಲಿ ದನಿ ಹೋದ ಮೇಲೆ ಸಂಗಣ್ಣ ಮಾಸ್ತರರು ಹೆಂಡತಿ ನೀಲಮ್ಮನೊಡನೆ ಮಾತಾಡುತ್ತಿದ್ದುದು ಲ್ಯಾಪ್‌ಟಾಪಿನಲ್ಲಿ ಟೈಪು ಮಾಡಿಯೇ. ಅದೂ ಈಗ ತೀರ ನಿಧಾನವಾಗಿತ್ತು. ಇಬ್ಬರೂ ಅದನ್ನು ದಾದಾಪೀರನ ರಿಪೇರಿ ಅಂಗಡಿಗೆ ತಂದರು.

ದಾದಾಪೀರ ಆನ್ ಮಾಡಿ ನೋಡಿದ. "ಇದರಾಗ ಇರೋದು ಎರಡ ಜಿಬಿ ರ‍್ಯಾಮ್ ರೀ ಸರ್. ಹೊಸಾ ವಿಂಡೋಸಿಗೆ ನಾಕರ ಬೇಕು. ಹಗೂರಂದು ಲಿನಕ್ಸ್ ಹಾಕಿದ್ರ ಓಡತೈತಿ. ಆದ್ರ ಮಶೀನ್ ಹಳೇದು, ಭಾಳಂದ್ರ ಒಂದ್ ವರ್ಷ."

"ಒಂದ್ ವರ್ಷ ಏನ್ ಮಾಡೂದು ತಮ್ಮಾ?" ಎಂದರು ನೀಲಮ್ಮ. "ವಿಂಡೋಸ್ ಇರೋ ಹೊಸಾದ್ದ ಕೊಡು. ಹತ್ತ ವರ್ಷ ಬಾಳಿಕಿ ಬರಬೇಕು. ಇವರು ಮೊದಲ ಮಾತಿನ ಮಲ್ಲರು!"

ಮಾಸ್ತರರು ಬೇಡವೆಂದು ತಲೆಯಾಡಿಸಿದರು. ಹಳೆಯದರ ಮೋಹ ಬಿಟ್ಟಿಲ್ಲ ಎಂದುಕೊಂಡು ದಾದಾಪೀರ ನಕ್ಕ.

ನೀಲಮ್ಮ ಬಾಗಿಲ ಬಳಿಯ ಶೋಕೇಸಿನಲ್ಲಿದ್ದ ಹೊಸ ಲ್ಯಾಪ್‌ಟಾಪುಗಳನ್ನು ನೋಡಲು ಹೋದರು. ಮಾಸ್ತರರು ಹಳೆಯದನ್ನು ತಮ್ಮತ್ತ ಎಳೆದುಕೊಂಡು ಅವಸರದಿಂದ ಟೈಪು ಮಾಡಿ, ಪರದೆಯನ್ನು ದಾದಾಪೀರನ ಕಡೆ ತಿರುಗಿಸಿದರು. ಅಕ್ಷರಗಳು ಒಂದೊಂದಾಗಿ ತಡವರಿಸುತ್ತ ಮೂಡಿದವು:

"ಲಿನಕ್ಸ್ ಸಾಕು. ಡಾಕ್ಟರು ಮೂರ ತಿಂಗಳು ಅಂದಾರ. ಆಕಿಗೆ ಇನ್ನೂ ಹೇಳಿಲ್ಲ."